ಹಾಡಾಗಿ ಹೋದ ಇಪ್ಪತ್ತು ಜೋಡಿ

ನಿಪ್ಪಾಣಿಯ ಬೀಡಿ ಓಣಿಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಒಲೆಯ ಹೊಗೆಯ ಜೊತೆ ತಂಬಾಕಿನ ಘಾಟು ಮೂಗಿಗೆ ಅಡರುತ್ತಿದೆ. ಬೇಡಕಿಹಾಳದ ಮೊದಲ ಬಸ್ಸಿಗೆ ಬಂದಿಳಿದ ಅಕ್ಕುತಾಯಿ, ಬೀಡಿ ಸುತ್ತುವ ಪದ್ಮವ್ವನ ಮನೆಯ ಮುಂದೆ ನಿಂತು ಮೂರನೆಯ ಸಲ ಕೈಗಡಿಯಾರ ನೋಡಿಕೊಳ್ಳುತ್ತಾರೆ. ಕಂಕುಳಲ್ಲಿ ತಗಡಿನ ಪೆಟ್ಟಿಗೆ. ಅದರಲ್ಲಿ ಇಪ್ಪತ್ತು ಚೀಟಿ, ಒಂದು ಸ್ಟಾಪ್‌ವಾಚ್, ಉತ್ತರ ಬರೆಯುವ ಹಾಳೆಗಳು. ಕಳೆದ ಗುರುವಾರ ಇದೇ ಹೊತ್ತಿಗೆ ಕಲಿಸಿದ್ದನ್ನು ಇಂದು ಕೇಳಬೇಕು. ಇವತ್ತು ಕೆಟ್ಟರೆ ಈ ಓಣಿಯೇ ಸಂಶೋಧನೆಯಿಂದ ಹೊರಗೆ, ಅದರ ಜೊತೆ ಅಕ್ಕುತಾಯಿಯ ಕೆಲಸವೂ ಹೋದಂತೆ. ಅವರಿಗೆ ಕಾಲು ನಿಂತಲ್ಲಿ ನಿಲ್ಲುತ್ತಿಲ್ಲ.

ಮೂವತ್ತೈದರ ಅಕ್ಕುತಾಯಿ ಪಿಯುಸಿವರೆಗೆ ಓದಿದವರು. ೧೯೯೦ರಿಂದ, ಅಂದರೆ ಮೂರು ವರ್ಷದಿಂದ, ಮನಶ್ಶಾಸ್ತ್ರದ ಸಂಶೋಧನೆಯೊಂದಕ್ಕೆ ಊರೂರು ಅಲೆಯುತ್ತಿದ್ದಾರೆ. ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಮಾತುಗಳನ್ನು ಜೋಡಿ ಮಾಡಿ ಓದುತ್ತಾರೆ: ಹಗ್ಗ–ಕನ್ನಡಿ, ಗಿಳಿ–ಬೀಗ, ಉಪ್ಪು–ರೈಲು. ಇಂಥ ಇಪ್ಪತ್ತು ಜೋಡಿ, ಒಂದೊಂದಕ್ಕೆ ಐದು ಸೆಕೆಂಡು, ಮೂರು ಸುತ್ತು. ವಾರ ಕಳೆದ ಮೇಲೆ ಚೀಟಿ ಕಲೆಸಿ ಮೊದಲ ಮಾತು ಹೇಳಿದರೆ, ಎದುರು ಕುಳಿತವಳು ಎರಡನೆಯದನ್ನು ಹೇಳಬೇಕು. ಒಂದು ಮಾತು ಇನ್ನೊಂದನ್ನು ಹೇಗೆ ಎಳೆದು ತರುತ್ತದೆ, ಓದುಬರಹ ಕಲಿಯದವರಲ್ಲಿ ಆ ಎಳೆ ಎಷ್ಟು ಗಟ್ಟಿ ಎಂಬುದೇ ಶೋಧನೆಯ ವಿಷಯ. ಇದೇ ಪರೀಕ್ಷೆಯಲ್ಲಿ ಕಾಲೇಜು ಹುಡುಗಿಯರ ಸರಾಸರಿ ಹನ್ನೆರಡು ಬಂದಿದೆ. ನಾಳೆ ವರದಿಯ ಮೇಲೆ ದೊಡ್ಡವರ ಹೆಸರು ಅಚ್ಚಾಗುತ್ತದೆ, ಬಸ್ಸಿನ ಧೂಳು ಕುಡಿದವರದ್ದು ಆಗುವುದಿಲ್ಲ. ಅದು ಲೋಕರೂಢಿ.

ಏಳು ದಿನ ಎಂದರೆ ಏಳೇ ದಿನ, ಎಂಟಾದರೆ ಹಾಳೆ ಕಸದ ಬುಟ್ಟಿಗೆ. ಇದು ಹಟ್ಟಿ ಹೆಣ್ಣುಮಕ್ಕಳಿಗೆ ಎಲ್ಲಿಂದ ತಿಳಿಯಬೇಕು? ಒಬ್ಬಳು ಆರನೆಯ ದಿನ ತವರಿಗೆಂದು ದಿಗ್ಗೇವಾಡಿಗೆ ಹೊರಟುಬಿಟ್ಟಳು. ಅಕ್ಕುತಾಯಿ ಮರುದಿನ ಮೂರು ಬಸ್ಸು ಬದಲಿಸಿ, ಕೆಸರಲ್ಲಿ ನಡೆದು, ಅವಳ ತವರಿನ ಪಡಸಾಲೆಯಲ್ಲಿ ಕೂತು ಇಪ್ಪತ್ತು ಪ್ರಶ್ನೆ ಕೇಳಿ ಬಂದರು. ಐಗಳಿ ಎಂಬ ಊರಿನ ಕಥೆ ಇನ್ನೊಂದು. "ಪೆಟಗಿ ನೋಡಿ, ಮಕ್ಕಳಾಗದಂಗ ಆಪರೇಷನ್ ಮಾಡ್ಸಾಕ ಕರಕೊಂಡ ಹೋಗು ನರ್ಸಬಾಯಿ ಬಂದಾಳ ಅಂದ್ರು ನೋಡ್ರಿ, ಓಣ್ಯಾಗಿನ ಬಾಗಲಾ ಎಲ್ಲಾ ಬಂದ್!" ಎಂದು ಈಗ ನಗುತ್ತಾರೆ. ಅಂದು ನಗು ಬಂದಿರಲಿಲ್ಲ, ಬಾವಿಕಟ್ಟೆಯ ಮೇಲೆ ಕೂತು ಅತ್ತಿದ್ದರಂತೆ.

ಇಷ್ಟೊಂದು ಹಟ ಯಾಕೆ ಎಂದರೆ ತಾಯಿಯ ಮಾತು ಬರುತ್ತದೆ. "ನಮ್ಮವ್ವ ಬೀಡಿ ಸುತ್ತತಿದ್ಳರಿ. ಓಣ್ಯಾಗ ಯಾರ ಕೂಸು ಯಾವ ಅಮಾಸಿಗೆ ಹುಟ್ಟೇತಿ ಅನ್ನೂದು ಬಾಯಿಪಾಠ ಇತ್ತು. ಆದ್ರೂ ಸಾಯೂತನಕ 'ನನ್ನ ತಲ್ಯಾಗ ಬರೇ ಸೆಗಣಿ ಐತಿ' ಅಂತಿದ್ಳು. ಮಂದಿ ಹಂಗ ಅಂದ ಅಂದ ನಂಬಿಸಿದ್ರು. ಅದು ಖರೇನೋ ಸುಳ್ಳೋ, ಯಾರರ ಅಳದ ಹೇಳಲಿ ಅಂತ ನನ್ನ ಆಸೆ."

ಅಳತೆಯೇ ಕೆಟ್ಟದ್ದು ಕಳೆದ ತಿಂಗಳು. ಈ ಓಣಿಯ ನಲವತ್ತೊಂದು ಹೆಂಗಸರನ್ನು ಅಕ್ಕುತಾಯಿ ಏಳನೆಯ ದಿನ ಒಬ್ಬೊಬ್ಬರಾಗಿ ಕೇಳುತ್ತ ಹೋದರು. ಮೊದಲನೆಯವಳು ಇಪ್ಪತ್ತಕ್ಕೆ ಇಪ್ಪತ್ತು. ಎರಡನೆಯವಳೂ ಇಪ್ಪತ್ತು. ಹಿಗ್ಗು ಬಂತು, ಐದನೆಯ ಮನೆಯ ಹೊತ್ತಿಗೆ ಆ ಹಿಗ್ಗೇ ಅಂಜಿಕೆಯಾಯಿತು. ಕೇಳಿದ ಕೂಡಲೇ ಪ್ರತಿಯೊಬ್ಬಳ ತುಟಿಯೂ ಗುನುಗುತ್ತಿತ್ತು, ಗುನುಗು ನಿಂತ ಮೇಲೆಯೇ ಉತ್ತರ. ಹೀಗೆ ಕೇಳುತ್ತಿದ್ದಾಗ ಒಬ್ಬಳು ತಡವರಿಸಿದಳು. ಪಟ್ಟಿಯಲ್ಲೇ ಇಲ್ಲದ ಮುದುಕಿ ಕೆಂಚವ್ವ ಗೋಡೆಯಾಚೆಯಿಂದ ಒದರಿದಳು: "ಗಿಣಿಗೆ ಬೀಗಾ ಅಲ್ಲೇನ ಬೇ! ಹಾಡ ಮರತೀ ಏನ?"

ಹೌದು, ಹಾಡು. ದಿನವಿಡೀ ಒಂದೇ ಅಂಗಳದಲ್ಲಿ ಮೊರ ತೊಡೆಯ ಮೇಲಿಟ್ಟು ಎಲೆ ಸುತ್ತುವವರು. ಕೈಗೆ ಕೆಲಸವಿದೆ, ಬಾಯಿಗೆ ಬೇಡವೇ? ಪದ್ಮವ್ವ ಇಪ್ಪತ್ತೂ ಜೋಡಿಗಳನ್ನು ಹಾಡಾಗಿ ಕಟ್ಟಿಬಿಟ್ಟಿದ್ದಳು: "ಹಗ್ಗದ ತುದಿಗೆ ಕನ್ನಡಿ ಕಟ್ಟಿ, ಗಿಣಿಯ ಕೊರಳಿಗೆ ಬೀಗವ ಹಾಕಿ, ಉಪ್ಪಿನ ಚೀಲ ರೈಲಿಗೆ ಹೇರಿ..." ಮೂರೇ ದಿನದಲ್ಲಿ ಓಣಿಯೆಲ್ಲ ಅದನ್ನು ಕಲಿತಿತ್ತು. "ಅಕ್ಕೋರ ಅಷ್ಟ ದೂರದಿಂದ ಬರ್ತಾರ, ಯಾರೂ ತಪ್ಪಬಾರದು ಅಂತ ಮಾಡೀವ್ರಿ," ಎಂದಳು ಪದ್ಮವ್ವ, ಉಪಕಾರ ಮಾಡಿದವಳ ಗತ್ತಿನಲ್ಲಿ.

ಸುಮ್ಮನೆ ಕಳಿಸಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಲವತ್ತೊಂದೂ ಹಾಳೆ ಭರ್ತಿ ಅಂಕ, ಮೇಲಿನವರಿಗೂ ಖುಷಿ. ಅಕ್ಕುತಾಯಿ ಎರಡು ದಿನ ಆ ಕಟ್ಟನ್ನು ಕಪಾಟಿಗೆ ಇಡುವುದು, ತೆಗೆಯುವುದು ಮಾಡಿದರು. ಕಡೆಗೆ ಪ್ರತಿ ಹಾಳೆಯ ಮೇಲೂ ಕೆಂಪು ಶಾಯಿಯಲ್ಲಿ 'ಹಾಡಿನಿಂದ ಕಲಿತದ್ದು' ಎಂದು ಬರೆದು ಅಂಚೆಗೆ ಹಾಕಿದರು. ಸಂಶೋಧನೆಯ ಮುಖ್ಯಸ್ಥೆ ಕುಸುಮ ಮೇಡಂ ತಾವೇ ಬಂದರು. ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಹೊಸ ಜೋಡಿಗಳ ಪಟ್ಟಿ ಕೊಟ್ಟು, "ಇನ್ನೊಂದೇ ಅವಕಾಶ. ಮತ್ತೆ ಹಾಡಾದರೆ ಈ ಓಣಿ ಬಿಟ್ಟು ಹಾಸ್ಟೆಲ್ ಹುಡುಗಿಯರನ್ನೇ ಕೇಳೋಣ," ಎಂದರು.

ಅಕ್ಕುತಾಯಿ ಹೆಂಗಸರನ್ನು ಕೂಡಿಸಿ, ಅಳೆಯುವುದು ಒಬ್ಬೊಬ್ಬಳ ಸ್ವಂತ ನೆನಪನ್ನು, ತಪ್ಪಿದರೂ ಅಡ್ಡಿಯಿಲ್ಲ ಎಂದು ಬಿಚ್ಚಿ ಹೇಳಿದರು. ಭಂಡಾರ, ಅಂದರೆ ದೇವರ ಅರಿಸಿನ, ಮುಟ್ಟಿಸಿ ಆಣೆ ಮಾಡಿಸಿಕೊಂಡರು: ಕಲಿತ ಜೋಡಿಗಳನ್ನು ಗಂಡನಿಗೂ ಹೇಳಬಾರದು, ಗೆಳತಿಗೂ ಹೇಳಬಾರದು. ಎಲ್ಲರೂ ಮುಟ್ಟಿದರು. ಆದರೆ ಬೀಡಿ ಓಣಿಯಲ್ಲಿ ಏಳು ದಿನ ಒಂದು ಮಾತು ಹೊಟ್ಟೆಯಲ್ಲಿ ಉಳಿದೀತೆ? ವಾರವಿಡೀ ಅವರನ್ನು ಕೊರೆದದ್ದು ಇದೇ.

ಬಾಗಿಲು ತೆರೆಯುತ್ತದೆ. ಪದ್ಮವ್ವ ಸೆರಗಿನಿಂದ ಮುಖ ಒರೆಸಿಕೊಂಡು ಚಾಪೆ ಹಾಸುತ್ತಾಳೆ. ಅಕ್ಕುತಾಯಿ ಚೀಟಿ ಕಲೆಸಿ ಒಂದನ್ನು ಎತ್ತುತ್ತಾರೆ. "ಆಡು?" ಪದ್ಮವ್ವ ತೊಲೆ ನೋಡುತ್ತಾಳೆ. ತುಟಿ ಅಲುಗುವುದಿಲ್ಲ. "ಛತ್ರಿ," ಎನ್ನುತ್ತಾಳೆ. ತಪ್ಪು, 'ಗಂಟೆ' ಆಗಬೇಕಿತ್ತು. ಅಕ್ಕುತಾಯಿ ತಲೆ ಬಗ್ಗಿಸಿ ಬರೆದುಕೊಳ್ಳುತ್ತಾರೆ. ಕೊನೆಗೆ ಹದಿನಾಲ್ಕು ಸರಿ, ಆರು ತಪ್ಪು. ಪಕ್ಕದ ಮನೆಯ ಲಕ್ಷ್ಮಿಬಾಯಿ 'ಗಂಟೆ' ಥಟ್ಟನೆ ಹೇಳುತ್ತಾಳೆ, ಪದ್ಮವ್ವನಿಗೆ ಸುಲಭವಾಗಿ ಸಿಕ್ಕ ಬೇರೆ ಏಳನ್ನು ಕಳೆದುಕೊಳ್ಳುತ್ತಾಳೆ. ಮೂರನೆಯ ಮನೆಯ ತಪ್ಪುಗಳೇ ಬೇರೆ, ನಾಲ್ಕನೆಯದೂ ಬೇರೆ.

ಹನ್ನೊಂದು ಮನೆ ಮುಗಿಸಿ ಹೊರಬಂದ ಅಕ್ಕುತಾಯಿ ಕಟ್ಟೆಯ ಮೇಲೆ ಕೂತು ಹಾಳೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುತ್ತಾರೆ. ಹೇಗಾಯಿತು ಎಂದು ಕೇಳಿದರೆ ಕಣ್ಣು ತುಂಬಿ ಬರುತ್ತದೆ.

"ನಮ್ಮ ಪದ್ಮವ್ವಗ ಆರು ತಪ್ಯಾವ್ರಿ," ಎನ್ನುತ್ತಾರೆ. "ಆರಕ್ಕ ಆರೂ ಅಕೀ ಸ್ವಂತದ್ದು."