ಅವಸರದಕ್ಕ ಕೊಟ್ಟ ರಜೆ

ಅವಳು ನಡೆಯುವುದನ್ನು ಕಂಡವರು ಯಾರೂ ಇಲ್ಲ, ಕಂಡದ್ದೆಲ್ಲ ಓಡುವುದನ್ನೇ. ಹಾಗಾಗಿ ಸಂಸ್ಥೆಯಲ್ಲಿ ಎಲ್ಲರ ಬಾಯಲ್ಲೂ ಅವಳು ಅವಸರದಕ್ಕ. ಕಾಯಿಲೆಯವರಿರುವ ಮನೆಗಳಿಗೆ ಮಂಚ, ಗಾಲಿಕುರ್ಚಿ, ಊರುಗೋಲುಗಳನ್ನು ಬಿಟ್ಟಿಯಾಗಿ ಎರವಲು ಕೊಡುವ ಸೇವಾಸಂಸ್ಥೆ ಅದು. ಫೋನ್ ಎತ್ತುವ ಕೆಲಸಕ್ಕೆ ಸೇರಿದ ಹುಡುಗಿ ಓಡುತ್ತ ಓಡುತ್ತಲೇ ಅದರ ಮುಖ್ಯಸ್ಥೆಯಾಗಿಬಿಟ್ಟಿದ್ದಳು. ಅವಳ ಜೊತೆಗೇ ಕೆಲಸಕ್ಕೆ ಸೇರಿದವಳು ಅತ್ತಿಗೆ. ಯಾರಣ್ಣನ ಹೆಂಡತಿಯೋ ದೇವರೇ ಬಲ್ಲ, ಎಲ್ಲರಿಗೂ ಅತ್ತಿಗೆ. ವ್ಯಾನಿನವರು ಮನೆಗಳಿಂದ ವಾಪಸು ಹೊತ್ತು ತಂದ ಸಾಮಾನನ್ನು ತಿಕ್ಕಿ ತೊಳೆದು ಮುಂದಿನ ಮನೆಗೆ ಸಿದ್ಧ ಮಾಡುವ ಹಿಂಬದಿಯ ಶೆಡ್ಡಿಗೆ ಅವಳೇ ಒಡತಿ. ಇಬ್ಬರೂ ಒಬ್ಬರನ್ನೊಬ್ಬರು ಬೈಯುತ್ತ, ಊಟದ ಡಬ್ಬಿ ಹಂಚಿಕೊಳ್ಳುತ್ತ ತಲೆ ಬೆಳ್ಳಗೆ ಮಾಡಿಕೊಂಡವರು.

ಆ ಹಾಳು ಸೋಂಕು ಬಂತು ನೋಡಿ, ಆಫೀಸಿನವರೆಲ್ಲ ಲ್ಯಾಪ್‌ಟಾಪನ್ನು ಕಂಕುಳಲ್ಲಿ ಅವುಚಿಕೊಂಡು ಮನೆ ಸೇರಿದರು. ಅವಸರದಕ್ಕ ತನ್ನ ಅಮ್ಮನ ಕೋಣೆಯ ಮೂಲೆಯಲ್ಲಿ ಮೇಜು ಹಾಕಿಕೊಂಡಳು. ಆ ಮನೆಯಲ್ಲಿ ಇಂಟರ್ನೆಟ್ ನೆಟ್ಟಗೆ ಸಿಗುತ್ತಿದ್ದದ್ದು ಅಲ್ಲೊಂದೇ ಕಡೆ. ಅಮ್ಮ ಹಾಸಿಗೆಯ ಮೇಲೆ ಕೂತು ಸ್ವೆಟರ್ ಹೆಣೆಯುತ್ತ ಮಗಳ ಮೀಟಿಂಗನ್ನೆಲ್ಲ ಧಾರಾವಾಹಿಯಂತೆ ಕೇಳುತ್ತಿದ್ದಳು. ಮೀಟಿಂಗಿಗೇನು ಬರವೇ? ನಮ್ಮ ಸಂಸ್ಥೆಯಲ್ಲಿ ಎಲ್ಲರಿಗೂ ಸಮಾನ ನ್ಯಾಯ ಸಿಗುತ್ತಿದೆಯೇ ಎಂದು ನೋಡಲು ಕಿರಿಯರೆಲ್ಲ ಸೇರಿ ಒಂದು ಸಮಿತಿ ಮಾಡಿದ್ದರು. ಅವರು ಬಿಸಿಬಿಸಿಯಾಗಿ ಮಾತಾಡುವುದು, ಅವಸರದಕ್ಕ ಗೋಣು ಹಾಕುವುದು, ನಡುವೆ ಯಾರದೋ ಮನೆಯ ಕುಕ್ಕರ್ ಕೂಗುವುದು. ಹೀಗೇ ತಿಂಗಳುಗಳು ಕಳೆದವು.

ಕೊನೆಗೂ ಆಫೀಸು ತೆರೆಯಬಹುದೆಂದು ಸರ್ಕಾರದ ಅಪ್ಪಣೆ ಬಂತು. ಅವಸರದಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಯಾರು ಯಾವ ದಿನ ಆಫೀಸಿಗೆ, ಯಾರು ಮನೆಯಿಂದ ಕೆಲಸ, ಯಾವ ಮೇಜು ಎಷ್ಟು ದೂರ ಎಂದು ಪಾಳಿ ಮಾಡಿದ್ದೇ ಮಾಡಿದ್ದು. "ಮತ್ತೆ ಸ್ವಾಗತ" ಎಂದು ಬ್ಯಾನರ್ ಬರೆಸಿದಳು. ಅವತ್ತಿನ ಸಮಾರಂಭಕ್ಕೆ ಅತಿಥಿಗಳನ್ನು ಕರೆಸುವುದು ಸಂಸ್ಥೆಯ ಅಧ್ಯಕ್ಷರ ಪಾಲಿಗೆ ಬಂತು. ಎಲ್ಲ ಮುಗಿಸಿ ಅತ್ತಿಗೆಗೆ ಫೋನ್ ಮಾಡಿದಳು.

"ಸೋಮವಾರ ಬಾಗಿಲು ತೆಗೀತಿದೀವಿ ಕಣೇ!"

"ಮುಚ್ಚಿದ್ದು ಯಾವಾಗ?" ಎಂದಳು ಅತ್ತಿಗೆ.

ಅವಸರದಕ್ಕ ನಕ್ಕಳು. ಅತ್ತ ಕಡೆಯಿಂದ ನಗು ಬರಲಿಲ್ಲ.

"ನಾವು ಒಂದಿನಾನೂ ಮುಚ್ಚಿಲ್ಲ. ಸೋಂಕಿನ ಮನೆಯಿಂದ ಬಂದ ಮಂಚಾನೂ ಇದೇ ಕೈಲಿ ತೊಳೆದಿದೀವಿ, ವ್ಯಾನಿನೋರು ಹೊತ್ತಿದಾರೆ."

"ಗೊತ್ತು ಮಾರಾಯ್ತಿ, ಅದಕ್ಕೇ ನಿಮಗೆಲ್ಲ ಅವತ್ತು ಸನ್ಮಾನ ಇಟ್ಟಿದೀನಿ. ಎಲ್ರೂ ಎದ್ದು ನಿಂತು ಚಪ್ಪಾಳೆ ಹೊಡೀತಾರೆ."

"ಚಪ್ಪಾಳೆ ತಗೊಂಡು ಏನ್ಮಾಡ್ಲಿ? ಆ ನಿನ್ನ ಪಾಳೀಲಿ ನಮ್ಮ ಹೆಸರೇ ಇಲ್ಲ. ದೊಡ್ಡಾಸ್ಪತ್ರೆಯಿಂದ ಕರೀತಿದಾರೆ, ಬಟ್ಟೆ ಒಗೆಯೋ ಕಡೆ. ಸಂಬಳಾನೂ ಒಂಚೂರು ಜಾಸ್ತಿ. ಹೋಗ್ಬಿಡ್ತೀನಿ ಅನ್ಸುತ್ತೆ."

ಅತ್ತಿಗೆಯಿಲ್ಲದ ಶೆಡ್ಡನ್ನು ಅವಸರದಕ್ಕ ಕನಸಲ್ಲೂ ಕಂಡಿರಲಿಲ್ಲ. ಫೋನ್ ಇಟ್ಟು ಪೆಚ್ಚುಮೋರೆ ಹಾಕಿಕೊಂಡು ಕೂತಳು.

"ಅತ್ತಿಗೇನಾ?" ಎಂದಳು ಅಮ್ಮ, ಹೆಣಿಗೆಯಿಂದ ತಲೆಯೆತ್ತದೆ. "ನಿಮ್ಮ ನ್ಯಾಯದ ಮೀಟಿಂಗು ಒಂದನ್ನೂ ಬಿಟ್ಟಿಲ್ಲ ನಾನು. ಅವಳ ದನಿ ಒಂದಿನಾನೂ ಕೇಳ್ಲಿಲ್ವಲ್ಲೇ."

"ಅವಳಿಗೆ ಆ ಹೊತ್ತಲ್ಲಿ ಕೆಲಸ ಇರ್ತಿತ್ತಮ್ಮ."

"ಹೂಂ, ನಿಮಗೆ ಇರ್ತಿರ್ಲಿಲ್ಲ."

ಅವಸರದಕ್ಕ ನಾಲಿಗೆ ಕಚ್ಚಿಕೊಂಡಳು. ಅವಳ ಮೇಲೆ ಸಾವಿರ ದೂರು ಹೇಳಿ, ತಪ್ಪು ಕಂಡ ಮೇಲೂ ಸುಮ್ಮನೆ ಕೂತಳು ಎಂದು ಮಾತ್ರ ಹೇಳುವಂತಿಲ್ಲ. ಸಂಜೆಯೊಳಗೆ ಎಲ್ಲರಿಗೂ ಸುದ್ದಿ ಹೋಯಿತು: ಸಮಾರಂಭ ಒಂದು ವಾರ ಮುಂದಕ್ಕೆ. ಆ ವಾರ ಶೆಡ್ಡಿನವರಿಗೂ ವ್ಯಾನಿನವರಿಗೂ ಸಂಬಳ ಸಹಿತ ರಜೆ. ತೊಳೆಯುವುದು, ಹೊರುವುದು ಎಲ್ಲ ಆಫೀಸಿನವರ ಪಾಲು.

ಅಧ್ಯಕ್ಷರು ಕೆಂಡಾಮಂಡಲವಾದರು. "ಅತಿಥಿಗಳನ್ನ ಕರೆದಾಗಿದೆಯಲ್ಲಮ್ಮ!"

"ಬರ್ಲಿ ಸಾರ್, ಬ್ರಷ್ಷು ಜಾಸ್ತಿ ಇಟ್ಟಿರ್ತೀನಿ."

ಅತಿಥಿಗಳಿಗೆ ಆ ವಾರ ಇದ್ದಕ್ಕಿದ್ದಂತೆ ಬೇರೆ ಬೇರೆ ಕೆಲಸ ಬಂದವು, ಪಾಪ.

ಅತ್ತಿಗೆಯಂತೂ ನಂಬಲೇ ಇಲ್ಲ. "ರಜೆ ಕೊಟ್ಟು ನನ್ನ ಕಟ್ಟಿಹಾಕೋಕೆ ನೋಡ್ತೀಯೇನೇ?"

"ಇಲ್ಲ. ಹೋಗೋದಾದ್ರೆ ಹೋಗು. ನಿದ್ದೆ ಮಾಡಿ ಹೋಗು." ಎಂದಳು ಅವಸರದಕ್ಕ.

ಆ ವಾರದ ಕಥೆ ಕೇಳಿದರೆ ಹೊಟ್ಟೆ ಹುಣ್ಣಾದೀತು. ಆಫೀಸಿನ ಲೆಕ್ಕದವರು ಒಂದು ಮನೆಗೆಂದು ಮೂರನೇ ಮಹಡಿಗೆ ಮಂಚ ಸಾಗಿಸಲು ಹೋಗಿ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡರು. ಮಂಚ ಮೇಲಕ್ಕೂ ಹೋಗದು, ಕೆಳಕ್ಕೂ ಬಾರದು. ಹತ್ತಿ ಇಳಿಯುವವರೆಲ್ಲ ಮಂಚದಡಿ ನುಸುಳಿ, "ನಮಸ್ಕಾರ ಸಾರ್" ಎಂದು ಹೋದರು. ನ್ಯಾಯ ಸಮಿತಿಯ ಹುಡುಗಿ ಗಾಲಿಕುರ್ಚಿಯೊಂದನ್ನು ಬಿಚ್ಚಿ ತೊಳೆದು ಮತ್ತೆ ಜೋಡಿಸಿದಳು ನೋಡಿ, ಕುರ್ಚಿ ಮುಂದಕ್ಕೆ ತಳ್ಳಿದರೆ ಗಿರಗಿರನೆ ಸುತ್ತುತ್ತಿತ್ತು. ಅವಸರದಕ್ಕನದು ಬೇರೆಯೇ ಪಾಡು. ಔಷಧಿ ನೀರು ಬಳಿದ ಮೇಲೆ ಅದು ತಾನಾಗಿ ಒಣಗುವವರೆಗೂ ಕಾಯಬೇಕು, ಇವಳಿಗೆಲ್ಲಿಯ ತಾಳ್ಮೆ? ಒರೆಸಿಬಿಡುವಳು, ಮತ್ತೆ ಮೊದಲಿಂದ ಬಳಿಯುವಳು.

ಹಾಗೆ ಕಾಯುತ್ತ ಕೂರಬೇಕೆಂದರೆ ಶೆಡ್ಡಿನಲ್ಲಿ ಒಂದು ಸ್ಟೂಲೂ ಇರಲಿಲ್ಲ. ಇದ್ದೊಂದು ಕಿಟಕಿಯ ಬಾಗಿಲು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಆಫೀಸಿನಲ್ಲಿ ಗಾಳಿಯಾಡಲೆಂದು ಅಷ್ಟೊಂದು ಕಿಟಕಿ ರಿಪೇರಿ ಮಾಡಿಸಿದವಳಿಗೆ ಇದೊಂದು ಕಾಣಲಿಲ್ಲವೇ? ಇಷ್ಟು ವರ್ಷ ದಿನವೂ ಈ ಬಾಗಿಲಲ್ಲಿ ನಿಂತು ಹರಟಿದ್ದಳು, ಒಳಗೆ ಬಂದು ಕೂತಿರಲಿಲ್ಲ. ಅವಸರದಕ್ಕನಿಗೆ ನಾಚಿಕೆಯಾಯಿತು. ಒದ್ದೆ ಕೈಯಲ್ಲೇ ಬಡಗಿಗೆ ಫೋನ್ ಮಾಡಿದಳು.

ಸೋಮವಾರ ಬಂತು. ಶೆಡ್ಡಿನವರು, ವ್ಯಾನಿನವರು ಒಬ್ಬೊಬ್ಬರಾಗಿ ಗೇಟು ದಾಟಿದರು. ಆಫೀಸಿನವರಿಗೆ ಸೊಂಟ ನೆಟ್ಟಗಾಗದಿದ್ದರೂ ಅವರನ್ನು ಕಂಡು ಪ್ರಾಣ ಬಂದಂತಾಯಿತು. ವ್ಯಾನಿನ ಡ್ರೈವರನ್ನು ಲೆಕ್ಕದವರು ಅಪ್ಪಿಕೊಳ್ಳಲು ಹೋಗಿ, ದೂರವಿರಬೇಕೆಂಬುದು ನೆನಪಾಗಿ, ಕೈ ಚಾಚಿಕೊಂಡೇ ನಿಂತರು. ಎಲ್ಲರೂ ಬಂದರು, ಅತ್ತಿಗೆಯೊಬ್ಬಳನ್ನು ಬಿಟ್ಟು. ಅವಸರದಕ್ಕ ಗೇಟಿಗೂ ರಸ್ತೆಗೂ ಓಡಾಡಿದಳು. ಹೋದಳು, ಹೋಗಿಯೇಬಿಟ್ಟಳು ಎಂದುಕೊಂಡು ಅವಳ ಕಣ್ಣು ತುಂಬಿತು. ಆಗ ಅತ್ತಿಗೆ ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡಳು, ಮದುವೆ ಮನೆಗೆ ಹೊರಟವಳ ಹಾಗೆ ನಿಧಾನವಾಗಿ.

ಗೇಟಿನ ಬಳಿ ನಿಂತು ಅತ್ತಿಗೆ ಹೇಳಿದಳು: "ನೋಡು, ಒಂದು ವಾರ ರಜೆ ಕೊಟ್ಟೆ ಅಂತ ಕೈ ತೊಳ್ಕೋಬೇಡ. ಇನ್ಮೇಲೆ ಪಾಳಿ ಮಾಡೋವಾಗ ನಾವೂ ಕೂತಿರ್ತೀವಿ."

"ಮೊದಲನೇ ಮೀಟಿಂಗು ಇವತ್ತೇ, ಶೆಡ್ಡಲ್ಲೇ. ಕುರ್ಚಿ ಹಾಕಿಸಿದೀನಿ." ಅವಸರದಕ್ಕ ಕಣ್ಣೊರೆಸಿಕೊಂಡಳು. "ಆಸ್ಪತ್ರೆಯವರಿಗೆ ಏನ್ ಹೇಳ್ದೆ?"

"ಫೋನ್ ಮಾಡಿದ್ಲು ಅಲ್ಲಿನ ಮೇಲ್ವಿಚಾರಕಿ. ರಜೇಲಿದೀನಿ, ಆಮೇಲೆ ಮಾತಾಡೋಣ ಅಂದೆ. ಸಂಬಳ ಸಹಿತಾನಾ ಅಂದ್ಲು. ಹೂಂ ಅಂದೆ. ನಿಮ್ಮ ಕೆಲಸ ಯಾರು ನೋಡ್ಕೊಳ್ತಿದಾರೆ ಅಂದ್ಲು. ನಮ್ಮ ಮುಖ್ಯಸ್ಥೆ ಮಂಚ ತಿಕ್ತಿದಾಳೆ ಅಂದೆ." ಅತ್ತಿಗೆ ಮಾಸ್ಕ್ ಸರಿಮಾಡಿಕೊಂಡಳು. "ಆಮೇಲೆ ಮೆಲ್ಲಗೆ, ನಿಮ್ಮಲ್ಲಿ ಯಾವ್ದಾದ್ರೂ ಕೆಲಸ ಖಾಲಿ ಇದೆಯಾ ಅಂತ ಅವಳೇ ಕೇಳೋದಾ!"

"ನೀನೇನಂದೆ?"

"ಶೆಡ್ಡಲ್ಲಂತೂ ಇಲ್ಲ, ನಾನಿದೀನಿ ಅಂದೆ."