ಹ್ಯಾಂಡಲ್ ಮೇಲೆ ಯಾರು ಕೂರಬೇಕು?

ಚರ್ಚಾಸ್ಪರ್ಧೆಗಳಲ್ಲಿ ಬೆಳೆದವರಿಗೆ ಒಂದು ರೋಗವಿರುತ್ತದೆ. ಯಾರಾದರೂ ಒಳ್ಳೆಯ ಸಲಹೆ ಕೊಟ್ಟರೆ ಸಾಕು, ನಾವು ಎದ್ದು ಹೋಗಿ ಎದುರು ಪಕ್ಷದಲ್ಲಿ ಕೂತುಬಿಡುತ್ತೇವೆ. ಅಣ್ಣನ ಮಗಳಿಗೆ ಹೆಸರಿಡುವ ದಿನ ಸದಾಶಿವ ಪೇಠದ ನನ್ನ ರೂಮಿನಿಂದ ಅಣ್ಣನಿರುವ ತಳೇಗಾಂವಕ್ಕೆ ಸೈಕಲ್ಲಿನಲ್ಲಿ ಹೊರಟಿದ್ದೆ. ರೂಮಿನ ಗೆಳತಿ, ಮೈಸೂರಿನ ಪವಿತ್ರಾ, ತನ್ನ ಸೈಕಲ್ ಜಿಪಿಎಸ್ ತಂದು ಮುಂದೆ ಹಿಡಿದಳು. ಹ್ಯಾಂಡಲ್ಲಿಗೆ ಸಿಕ್ಕಿಸುವ ಅಂಗೈಯಷ್ಟು ಪೆಟ್ಟಿಗೆ; ದಾರಿ ತೋರಿಸುವುದು ಬಿಟ್ಟರೆ ಬೇರೇನೂ ಬಾರದು.

“ಒಂದೇ ಕೆಲಸಕ್ಕೆ ಒಂದು ಯಂತ್ರ ಯಾಕೆ? ನನ್ನ ಫೋನು ದಾರಿನೂ ತೋರಸ್ತದ, ಮಾತೂ ಆಡ್ತದ” ಎಂದೆ.

“ಗೆದ್ದೆ ಕಣೆ, ಹೋಗು. ದಾರಿ ತಪ್ಪಿದ್ರೆ ಅಲ್ಲೇ ನಿಂತು ಭಾಷಣ ಮಾಡು.”

ಜಿಪಿಎಸ್ ಮೌನವ್ರತದ ಮುನಿ. ಫೋನು ಮದುವೆಮನೆಯ ಸೋದರಮಾವ. ದಾರಿ ಹೇಳುತ್ತ ಹೇಳುತ್ತ ಊರವರನ್ನೆಲ್ಲ ಮಾತಾಡಿಸುತ್ತಾನೆ. ನನ್ನ ಫೋನು ಮಾತಾಡಿಸಿದ್ದು ಅಣ್ಣನ ಮನೆಯಲ್ಲಿದ್ದ ಅವ್ವನನ್ನು. “ಎಲ್ಲಿಗೆ ಬಂದೀ?” ಎಂದು ಕೇಳಲು ಆಕೆ ಕರೆ ಮಾಡಿದಾಗಲೆಲ್ಲ ಪರದೆಯ ನಕಾಶೆ ಮಾಯವಾಗಿ, ಹೆದ್ದಾರಿಯ ಜಾಗದಲ್ಲಿ ರೇಷ್ಮೆ ಸೀರೆಯ ಅವ್ವನ ಫೋಟೋ ನಗುತ್ತ ನಿಲ್ಲುತ್ತಿತ್ತು. ಅಂಥದೊಂದು ನಗುವಿನ ಹಿಂದೆಯೇ ನಾನು ಹೊರಳಬೇಕಾದ ತಿರುವು ಜಾರಿಹೋಯಿತು.

ತಡವಾದರೆ ಯಾರಿಗೇನು ಎನ್ನುವಂತಿರಲಿಲ್ಲ. ನಮ್ಮ ಕಡೆ ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಉಸುರಬೇಕಾದವಳು ಸೋದರತ್ತೆ. ಆ ಕೂಸಿಗೆ ಇರುವ ಅತ್ತೆ ನಾನೊಬ್ಬಳೇ. ಕಾರ್ಖಾನೆಗಳ ಗೋಡೆಗಳ ನಡುವೆ, ಬಿಸಿಲಿಗೆ ಕಾದ ಫೋನಿನ ಬ್ಯಾಟರಿ ಕೆಂಪಾಗಿತ್ತು. ಉಳಿದದ್ದು ನಕಾಶೆಗೆ ಸಾಕು, ಇಲ್ಲವೇ ಒಂದು ಕರೆಗೆ. ವಾದಕ್ಕೆ ಸಮಯವಿರಲಿಲ್ಲ, ಅವ್ವನಿಗೆ ಫೋನು ಹಚ್ಚಿದೆ.

“ದಾರಿ ತಪ್ಪೇದವ್ವಾ.”

“ಇಷ್ಟು ಓದಿಸಿದ್ದು ಇದಕ್ಕೇನ? ಮುಹೂರ್ತ ಮೀರಾಕತ್ತೇದ. ಫೋನು ಕೂಸಿನ ಕಿವಿಗೆ ಹಿಡೀತೀನಿ, ಹೆಸರು ಹೇಳು!”

ಲಾರಿಗಳ ಗದ್ದಲದಲ್ಲಿ, ಅಂಗೈ ಅಡ್ಡ ಹಿಡಿದು, “ಕುರ್ರ್... ಮೈತ್ರಿ” ಎಂದೆ. ಆ ಕಡೆ ಕೂಸು ಕಿಟಾರನೆ ಕಿರುಚಿತು. ಫೋನು ಸತ್ತಿತು. ನಾನು ಬೀಗಿದೆ: ಯಾವ ಜಿಪಿಎಸ್ ಈ ಕೆಲಸ ಮಾಡೀತು?

ಹಾಗೆ ಬೀಗುತ್ತಲೇ, ಚಹಾ ಅಂಗಡಿಗಳಲ್ಲಿ ಮರಾಠಿಯಲ್ಲಿ ದಾರಿ ಕೇಳುತ್ತ ಅಣ್ಣನ ಮನೆ ಸೇರಿದೆ. ಬಾಗಿಲಲ್ಲಿ ಹೆಂಗಸರೆಲ್ಲ ಸೆರಗು ಸಿಕ್ಕಿಸಿಕೊಂಡು ನಿಂತಿದ್ದರು. ಹೆಸರು ಹೇಳಿದ ಅತ್ತೆಯ ಬೆನ್ನಿಗೆ ಗುದ್ದುವುದು ಪದ್ಧತಿ.

“ಫೋನಿಗೆ ಗುದ್ದಾಕ ಬರಲಿಲ್ಲ ನೋಡ್ರಿ ಅತ್ತೀಯವ್ರ,” ಎಂದು ಬಾಣಂತಿ ಅತ್ತಿಗೆ ಒಳಗಿನಿಂದಲೇ ನಕ್ಕಳು. “ಬಾಗ್ರಿ!”

ಬಾಗಿದೆ. ಗುದ್ದುಗಳ ನಡುವೆ ಒಂದು ಮಾತು ಸ್ಪಷ್ಟವಾಯಿತು: ಮಾತು ತಲುಪಿಸಲು ಫೋನು ಸಾಕು, ಬೆನ್ನು ತಲುಪಿಸಲು ಮಾತ್ರ ದಾರಿ ಗೊತ್ತಿರಬೇಕು.