ಟವೆಲ್ ಕೆಳಗಿನ ಕಿರುಬೆರಳು

ಎರಡೂವರೆ ಸಾವಿರ ಕೇಳಿದ್ದ ಟ್ರೆಡ್‌ಮಿಲ್ ಪರೀಕ್ಷೆಯನ್ನು ಚೌಕಾಶಿ ಮಾಡಿ ಎರಡು ಸಾವಿರಕ್ಕೆ ಇಳಿಸಿದೆ. ಮಕ್ತಲ್ ಸಂತೆಯಲ್ಲಿ ಕುರಿ ವ್ಯಾಪಾರ ಮಾಡಿ ಮೇಲೆ ಬಂದವನು ನಾನು. ಹೇಳಿದ ಬೆಲೆ ಕೊಟ್ಟು ಗೊತ್ತಿಲ್ಲ. ಸತ್ತವರು ಬಂದು ಎಚ್ಚರಿಸಿದರು ಎಂದು ಯಾರಾದರೂ ಹೇಳಿದರೆ ನಗುತ್ತಿದ್ದೆ. ಅವತ್ತಿನದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಮೂವತ್ತೇಳಕ್ಕೇ ನನಗೆ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದ್ದರು. ಇನ್ನೂ ಬಹಳ ವರ್ಷ ಬಾಳಬೇಕಾದವರು, ಹೃದಯ ಎಷ್ಟು ಶ್ರಮ ತಡೆಯುತ್ತದೆಂದು ನೋಡಲೇಬೇಕು ಎಂದರು ಗದ್ವಾಲದ ಡಾಕ್ಟರಮ್ಮ. ನನಗೆ ಬೇಕಿದ್ದದ್ದು ಮತ್ತೆ ಊರೂರು ತಿರುಗಿ ಕುರಿ ಕೊಳ್ಳಲು ಅವರ ಒಪ್ಪಿಗೆ. ಹೆಂಡತಿ ನಾಗಮ್ಮ ಪರೀಕ್ಷೆಯ ಕೋಣೆಯ ಬಾಗಿಲಲ್ಲೇ ಚುಚ್ಚಿದಳು: "ಮಿಷಿನ್ ಕೂಡ ಸೌದಾ ಮಾಡಾಕ ಹೋಗಬ್ಯಾಡ್ರಿ ಮತ್ತ."

ಮಾಡಿದ್ದು ಅದನ್ನೇ. ಕಾಲಡಿಯಲ್ಲಿ ಓಡುವ ಟ್ರೆಡ್‌ಮಿಲ್ ಪಟ್ಟಿ ಜೋರಾಯಿತು, ಏರು ಹೆಚ್ಚಿತು, ಎದೆ ಬಿಗಿಯಿತು. ನೋವು ಬಂದರೆ ತಕ್ಷಣ ಹೇಳಬೇಕೆಂದು ಮೊದಲೇ ತಿಳಿಸಿದ್ದರು. ಆದರೆ ಒಳಗಿನದನ್ನು ಮುಖದಲ್ಲಿ ತೋರಿಸಿದ ವ್ಯಾಪಾರಿ ಸೋತಂತೆಯೇ! ನಗುತ್ತಲೇ ನಡೆದೆ. ಡಾಕ್ಟರಮ್ಮ ಕೇಳಿದರೆ, "ಆರಾಮ್ ಐತ್ರಿ, ಇನ್ನಷ್ಟು ಜೋರ್ ಮಾಡ್ರಿ" ಅಂದೆ.

ಮುಂದಿನ ಸರಳಿನ ಮೇಲೆ ಬೆವರು ಒರೆಸುವ ಟವೆಲ್ ಇತ್ತು, ಅದರ ಕೆಳಗೆ ನನ್ನ ಬಲಗೈ. ಯಾರೋ ಕಿರುಬೆರಳನ್ನು ಹಿಂಡಿದರು.

ನಮ್ಮ ವ್ಯಾಪಾರದಲ್ಲಿ ಕುರಿಯ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ; ಟವೆಲ್ ಕೆಳಗೆ ಬೆರಳು ಹಿಡಿದು ತಿಳಿಸುತ್ತೇವೆ. ನನಗೆ ದಂಧೆ ಕಲಿಸಿದ ಸೋದರಮಾವ ಪಕ್ಕದಲ್ಲಿ ಕೂತು ನನ್ನ ಕಿರುಬೆರಳನ್ನು ಎರಡು ಸಲ ಹಿಂಡಿದರೆ, "ಸಾಕು, ಎದ್ದೇಳು" ಎಂದರ್ಥ. ಆ ಗುರುತು ನಮ್ಮಿಬ್ಬರಿಗೇ ಗೊತ್ತು. ಮಾವ ತೀರಿಕೊಂಡು ಆಗಲೇ ನಾಲ್ಕು ವರ್ಷವಾಗಿತ್ತು.

ಎರಡನೇ ಸಲ ಹಿಂಡಿದ್ದು ಎಲುಬಿಗೆ ತಾಗಿತು. "ನಿಲ್ಲಸ್ರಿ, ಎದಿ ಹಿಡದೈತಿ" ಅಂದುಬಿಟ್ಟೆ. ಟವೆಲ್ ಎತ್ತಿ ನೋಡಿದರೆ ನನ್ನ ಕೈಯೊಂದೇ.

ಪರದೆಯ ಮೇಲಿನ ಇಸಿಜಿ ಗೆರೆಗಳು ಅದೇ ಗಳಿಗೆಯಲ್ಲಿ ಬದಲಾಗತೊಡಗಿದ್ದವು. "ಆಗ್ಲೇ ಯಾಕ ಹೇಳ್ಲಿಲ್ರಿ? ಇನ್ನೊಂದೀಟು ನಡದಿದ್ರ ಏನ್ ಗತಿ?" ಎಂದು ಡಾಕ್ಟರಮ್ಮ ಗದರಿದರು. ಮುಂದಿನ ವಾರ ಇನ್ನೊಂದು ರಕ್ತನಾಳ ಕಟ್ಟಿಕೊಂಡಿದ್ದು ಸಿಕ್ಕಿತು, ಅದಕ್ಕೂ ಸ್ಟೆಂಟ್ ಬಿತ್ತು. ಈಗ ಕುರಿ ಕೊಳ್ಳಲು ಮಾಗನೂರಿನ ತನಕ ತಿರುಗುತ್ತೇನೆ.

ಸರಳು ಬಿಗಿಯಾಗಿ ಹಿಡಿದು ನರ ಸೆಳೆದಿರಬೇಕು ಎನ್ನುತ್ತಾರೆ ಡಾಕ್ಟರಮ್ಮ. ಇದ್ದೀತು. ಆದರೆ ನರ ಸರಿಯಾಗಿ ಎರಡೇ ಸಲ, ಅದೂ ಕಿರುಬೆರಳನ್ನೇ ಸೆಳೆಯುತ್ತದೆಯೇ? ನನಗೆ ಇಂದಿಗೂ ತಿಳಿದಿಲ್ಲ.

ನಿಮಗೆ ಹೇಳುವುದಿಷ್ಟು. ಚಿಕ್ಕ ವಯಸ್ಸಿನಲ್ಲೇ ಅಟ್ಯಾಕ್ ಆಗಿದ್ದರೆ ಈ ಪರೀಕ್ಷೆ ಯಾವಾಗ ಬೇಕೆಂದು ಡಾಕ್ಟರನ್ನು ಕೇಳಿ. ಬೀಡಿ ಬಿಡಿ, ಗುಳಿಗೆ ತಪ್ಪಿಸಬೇಡಿ. ಪಟ್ಟಿಯ ಮೇಲೆ ಗೆಲ್ಲಲು ಹೋಗಬೇಡಿ. ಎದೆ ಬಿಗಿದ ಕೂಡಲೇ ಬಾಯಿಬಿಟ್ಟು ಹೇಳಿ.